ಹಾಜರಿ ಪುಸ್ತಕ, ಗುಳಿಗೆ ಡಬ್ಬಿ, ಹೆರಿಗೆ ಕೋಣೆ

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 25 ಮಂದಿ ಎಎನ್‌ಎಂಗಳು (ಸಹಾಯಕ ನರ್ಸ್–ಸೂಲಗಿತ್ತಿಯರು) ಒಂದು ದೊಡ್ಡ ಅಧ್ಯಯನಕ್ಕೆ ಕೈಹಚ್ಚಿದ್ದರು. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜತೆಗೂಡಿ ನಡೆಸಿದ ಅಧ್ಯಯನವದು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾದ 1620 ಹೆಂಗಸರಿಗೆ ಕೂಸು ಹೊರಬಂದ ಮೇಲೆ ಗುಳಿಗೆ ನುಂಗಿಸಬೇಕು. ಅರ್ಧದಷ್ಟು ಜನರಿಗೆ ರಕ್ತಸ್ರಾವ ತಗ್ಗಿಸುವ ಮಿಸೊಪ್ರೊಸ್ಟಾಲ್, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಗುಳಿಗೆ. ಆಮೇಲೆ ಬಾಣಂತಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದಕ್ಕೆ ಜೋಡಿಸಿದ ಅಳತೆಗೆರೆಯ ಚೀಲದಲ್ಲಿ ಎಷ್ಟು ರಕ್ತ ಕೂಡಿತು ಎಂದು ನೋಡಿ ಬರೆಯಬೇಕು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಹುಸಿ ಗುಳಿಗೆಯವರಲ್ಲಿ 100ಕ್ಕೆ 12ರಷ್ಟಿದ್ದದ್ದು ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ 6.4ಕ್ಕೆ ಇಳಿದಿತ್ತು. ಜಗತ್ತಿನ ಬಡ ದೇಶಗಳ ಹೆರಿಗೆ ಪದ್ಧತಿಯ ಮೇಲೆ ಪ್ರಭಾವ ಬೀರಿದ ಈ ಲೆಕ್ಕವನ್ನು ಬರೆದಿಟ್ಟವರು ನಮ್ಮ ಊರುಗಳು ‘ನರ್ಸಬಾಯಿ’ ಎಂದು ಕರೆಯುವ ಹೆಣ್ಣುಮಕ್ಕಳು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಎಷ್ಟೋ ಹುಡುಗಿಯರು ಪಿಯುಸಿ ಮುಗಿಸಿ ಇದೇ ಕೆಲಸ ಕಲಿಯಲು ಹೊರಡುತ್ತಾರೆ. ಹೊರಡುವಾಗಲೇ ಒಂದು ಕಾಯಿಲೆಯನ್ನೂ ಕಟ್ಟಿಕೊಂಡು ಹೋಗುವವರಿದ್ದಾರೆ: ಥೈರಾಯ್ಡ್, ಸಕ್ಕರೆ ಕಾಯಿಲೆ, ಮೂರ್ಛೆ, ಉಬ್ಬಸ, ಹೃದಯದ ಕವಾಟದ ತೊಂದರೆ. ಇನ್ನು ಕೆಲವರಿಗೆ ಓದಿನ ನಡುವೆ ಕ್ಷಯವೋ ಆಪರೇಷನ್ನೋ ಗರ್ಭಪಾತವೋ ಎದುರಾಗುತ್ತದೆ. ಮನೆಯವರ ಪ್ರಶ್ನೆ ಒಂದೇ: ‘ಈಕೀಗೆ ಇದು ಆಗತೈತೇನ್ರಿ?’ ಬಹಳಷ್ಟು ಕಾಯಿಲೆಗಳ ಮಟ್ಟಿಗೆ ಉತ್ತರ, ಆಗುತ್ತದೆ. ಆದರೆ ಎರಡು ಸಂಗತಿ ಓದನ್ನು ಮುರಿಯುತ್ತವೆ. ಒಂದು, ಮುಚ್ಚಿಟ್ಟ ಕಾಯಿಲೆ. ಇನ್ನೊಂದು, ಲೆಕ್ಕ ತಪ್ಪಿದ ಹಾಜರಿ. ಈ ಲೇಖನದ ಬಹುಪಾಲು ಇವೆರಡರ ಬಗ್ಗೆಯೇ.

ಮೊದಲು ದಾರಿಗಳು. ಹೆರಿಗೆ ಮಾಡಿಸುವ ವಿದ್ಯೆಗೆ ಈಗ ಮೂರು ಬಾಗಿಲು. ಎಎನ್‌ಎಂ 2 ವರ್ಷದ ಕೋರ್ಸು, ಹೆಣ್ಣುಮಕ್ಕಳಿಗೆ ಮಾತ್ರ. ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದವರಿಗೂ ಅವಕಾಶವಿದೆ, ವಯಸ್ಸು 17ರಿಂದ 35. ಜಿಎನ್‌ಎಂ 3 ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಇಂಗ್ಲಿಷ್ ಸಹಿತ ಶೇ 40 ಅಂಕ ಬೇಕು. ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ವಿಜ್ಞಾನದಲ್ಲಿ ಜೀವಶಾಸ್ತ್ರ ಓದಿರಬೇಕು. ಮದುವೆಯಾದವರಿಗೂ ಅಡ್ಡಿಯಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಯಾವ ಕೋರ್ಸನ್ನೂ ಮಾಡದೆ, ಅಜ್ಜಿಯಿಂದ ಕಲಿತು, ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಆ ದಾರಿ ಈಗ ಮುಚ್ಚಿದೆ. ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇಲ್ಲದೆ ಹೆರಿಗೆ ಮಾಡಿಸುವ ಕೆಲಸಕ್ಕೆ ಸೇರುವಂತಿಲ್ಲ. ಹಾಗಾಗಿ ಸೇರುವ ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಆ ವರ್ಷದ ಪಟ್ಟಿಯಲ್ಲೇ ನೋಡಿಕೊಳ್ಳಿ. ಏಜೆಂಟನ ಮಾತು ನಂಬಿ ಮುಂಗಡ ಕೊಡಬೇಡಿ.

ಮೂರೂ ಕೋರ್ಸುಗಳ ಪ್ರವೇಶ ನಿಯಮದಲ್ಲಿ ಒಂದು ಪುಟ್ಟ ಸಾಲಿದೆ: ಅಭ್ಯರ್ಥಿ ವೈದ್ಯಕೀಯವಾಗಿ ಸಮರ್ಥಳಾಗಿರಬೇಕು. ಈ ಸಾಲಿಗೆ ಹೆದರಿಯೇ ಅನೇಕರು ಕಾಯಿಲೆ ಮುಚ್ಚಿಡುತ್ತಾರೆ. ಅಲ್ಲಿ ಕೇಳುವುದು ನಿಮ್ಮಿಂದ ಕೆಲಸ ಸಾಧ್ಯವೇ ಎಂದು. ಔಷಧದಿಂದ ಹತೋಟಿಯಲ್ಲಿರುವ ಥೈರಾಯ್ಡಿಗೂ ಉಬ್ಬಸಕ್ಕೂ ಸಾಮಾನ್ಯವಾಗಿ ಫಿಟ್‌ನೆಸ್ ಸರ್ಟಿಫಿಕೇಟ್ ಸಿಗುತ್ತದೆ. ಪಡೆಯುವ ಕ್ರಮ ಮಾತ್ರ ಸರಿ ಇರಲಿ. ನಿಮ್ಮನ್ನು ನೋಡುತ್ತಿರುವ ತಜ್ಞರಿಂದ ಮೊದಲು ಒಂದು ಪತ್ರ ಬರೆಸಿಕೊಳ್ಳಿ: ಕಾಯಿಲೆ ಯಾವುದು, ಎಷ್ಟು ದಿನದಿಂದ, ಈಗಿನ ಔಷಧ ಏನು, ರಾತ್ರಿ ಪಾಳಿ ಮಾಡಬಹುದೇ, ಭಾರ ಎತ್ತಬಹುದೇ. ಆ ಪತ್ರ ಹಿಡಿದು ಸರಕಾರಿ ದವಾಖಾನೆಯ ವೈದ್ಯಾಧಿಕಾರಿಯ ಬಳಿ ಹೋಗಿ. ‘ಫಿಟ್’ ಎಂಬ ಒಂದೇ ಪದದ ಸರ್ಟಿಫಿಕೇಟಿಗಿಂತ ‘ಇಂಥ ಔಷಧದ ಮೇಲಿದ್ದಾಳೆ, ತರಬೇತಿಗೆ ಸಮರ್ಥಳು’ ಎಂದು ಬರೆದದ್ದು ಮುಂದೆ ನಿಮ್ಮನ್ನು ಕಾಯುತ್ತದೆ. ಎರಡನೇ ವರ್ಷದಲ್ಲಿ ಡ್ಯೂಟಿಯ ಮೇಲೆ ಬಿದ್ದರೆ ‘ಮುಚ್ಚಿಟ್ಟು ಸೇರಿದ್ದಿ’ ಎನ್ನುವವರ ಬಾಯಿಗೆ ಅದೇ ಉತ್ತರ.

ಅಂಗವಿಕಲತೆ ಇರುವವರ ವಿಷಯ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣದಲ್ಲಿ ಶೇ 5 ಸೀಟು, ಸರಕಾರಿ ನೌಕರಿಯಲ್ಲಿ ಶೇ 4 ಮೀಸಲು. ಆದರೆ ಬಿ.ಎಸ್ಸಿ. ನರ್ಸಿಂಗ್ ನಿಯಮ ಈ ಮೀಸಲನ್ನು ಕಾಲಿನ ಚಲನೆಗೆ ಸಂಬಂಧಿಸಿದ ಶೇ 40ರಿಂದ 50ರ ಅಂಗವೈಕಲ್ಯಕ್ಕೆ ಸೀಮಿತ ಮಾಡಿದೆ. ಬಹಳ ಇಕ್ಕಟ್ಟಾದ ಕಿಂಡಿ ಇದು ಎಂದು ನನ್ನ ಅಭಿಪ್ರಾಯ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಇದ್ದ ಮಾತ್ರಕ್ಕೆ ಸೀಟು ಖಾತ್ರಿ ಎಂದುಕೊಳ್ಳಬೇಡಿ. ಕಾರ್ಡ್ ಮಾಡಿಸಿಕೊಳ್ಳುವುದನ್ನೂ ಬಿಡಬೇಡಿ, ನೌಕರಿಯ ಹೊತ್ತಿಗೆ ಬೇಕಾಗುತ್ತದೆ.

ಈಗ ಹಾಜರಿ. ಪರೀಕ್ಷೆಗೆ ಕೂರಲು ಪಾಠದಲ್ಲಿ ಶೇ 80, ಪ್ರಾಯೋಗಿಕದಲ್ಲಿ ಶೇ 80 ಬೇಕು. ಬಿ.ಎಸ್ಸಿ. ನಿಯಮದಲ್ಲಂತೂ ಗೈರುಹಾಜರಿಗೆ ಕಾರಣ ಯಾವುದೇ ಇರಲಿ ಎಂದು ಸ್ಪಷ್ಟವಾಗಿ ಹೇಳಿದೆ. ಅಂದರೆ ಡಾಕ್ಟರ ಚೀಟಿ ತಂದರೆ ಬೈಗುಳ ತಪ್ಪಬಹುದು, ಶೇಕಡಾ ಏರುವುದಿಲ್ಲ. ಇದು ಅನೇಕರಿಗೆ ಗೊತ್ತಾಗುವುದು ಹಾಲ್ ಟಿಕೆಟ್ ಬಾರದಿದ್ದಾಗ. ಅದಕ್ಕಿಂತ ಬಿಗಿಯಾದ ಇನ್ನೊಂದು ನಿಯಮವಿದೆ: ಸರ್ಟಿಫಿಕೇಟ್ ಕೈಗೆ ಬರುವ ಮೊದಲು ವಾರ್ಡ್ ಕೆಲಸ ಶೇ 100 ಮುಗಿದಿರಬೇಕು. ತಪ್ಪಿದ ಒಂದೊಂದು ದಿನವನ್ನೂ ತುಂಬಿಕೊಡಬೇಕು. ಪಾಠದ ವಿಷಯದಲ್ಲಿ ಕಾಯಿಲೆಯವರಿಗೆ ಸ್ವಲ್ಪ ಸಡಿಲ ಇರಬೇಕಿತ್ತು. ವಾರ್ಡಿನ ವಿಷಯದಲ್ಲಿ ಈ ಬಿಗಿ ಸರಿ. ಎಣಿಕೆಗೆ ಕಡಿಮೆ ಹೆರಿಗೆ ಮಾಡಿಸಿ ಹೊರಬಂದ ನರ್ಸಬಾಯಿಯ ಕೈಗೆ ನಮ್ಮ ಮನೆಯ ಹುಡುಗಿಯನ್ನು ನಾವೇ ಒಪ್ಪಿಸುವುದಿಲ್ಲ.

ಆದ್ದರಿಂದ ಕಾಲೇಜಿನ ರಜಿಸ್ಟರ್ ಒಂದಿದ್ದರೆ ನಿಮ್ಮದೂ ಒಂದಿರಲಿ. 100 ಪುಟದ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಪಾಠ, ಬಲಪುಟದಲ್ಲಿ ವಾರ್ಡ್. ಯಾವ ದಿನ ಯಾವ ವಾರ್ಡ್ ತಪ್ಪಿತು, ಯಾವ ದಿನ ಅದನ್ನು ತುಂಬಿದೆ, ಸಹಿ ಮಾಡಿದ ಸಿಸ್ಟರ್ ಯಾರು. ಹೆರಿಗೆಯ ಕೇಸ್ ಬುಕ್ಕಿಗೂ ಇದೇ ಶಿಸ್ತು. ನೋಡಿದ ಹೆರಿಗೆ, ತಾವೇ ಮಾಡಿಸಿದ ಹೆರಿಗೆ, ಗರ್ಭಿಣಿ ತಪಾಸಣೆ, ನವಜಾತ ಶಿಶುವಿನ ಆರೈಕೆ, ಇವೆಲ್ಲಕ್ಕೂ ಪಠ್ಯಕ್ರಮದಲ್ಲಿ ಸಂಖ್ಯೆ ನಿಗದಿಯಾಗಿದೆ. ಕಾಯಿಲೆಯಿರುವವರು ಇದನ್ನು ಕೊನೆಯ ತಿಂಗಳಿಗೆ ಉಳಿಸಿಕೊಳ್ಳುವುದು ಜೂಜು. ಮೈ ಚೆನ್ನಾಗಿರುವ ತಿಂಗಳುಗಳಲ್ಲಿ ಒಂದೆರಡು ಹೆಚ್ಚೇ ಮಾಡಿಟ್ಟುಕೊಳ್ಳಿ, ಅಂದಂದೇ ಸಹಿ ಹಾಕಿಸಿ. ಪಾಳಿ ಮುಗಿಸಿ ಹೋದ ಸಿಸ್ಟರ್ ವರ್ಗವಾಗಿ ಹೋದರೆ ಆ ಸಹಿ ಮತ್ತೆ ಸಿಗುವುದಿಲ್ಲ.

ತಿಂಗಳುಗಟ್ಟಲೆ ಮಲಗಬೇಕಾಗಿ ಬಂದರೆ ಓದು ಅಲ್ಲಿಗೇ ಮುಗಿಯಿತು ಎಂದು ಮನೆಗೆ ಮರಳಬೇಡಿ. 4 ವರ್ಷದ ಬಿ.ಎಸ್ಸಿ. ಮುಗಿಸಲು 8 ವರ್ಷದವರೆಗೆ ಕಾಲಾವಕಾಶವಿದೆ. ಜಿಎನ್‌ಎಂ, ಎಎನ್‌ಎಂಗೆ ಎಷ್ಟು ಎಂದು ಕಾಲೇಜಿನಿಂದ ಬರಹದಲ್ಲೇ ಕೇಳಿಕೊಳ್ಳಿ. ಹಾಗೆಯೇ ಸೇರುವ ಮೊದಲೇ ಕೇಳಬೇಕಾದದ್ದು: ನಡುವೆ ಒಂದು ವರ್ಷ ನಿಂತರೆ ಆ ವರ್ಷದ ಫೀ ಮತ್ತೆ ಕಟ್ಟಬೇಕೇ? ವಿದ್ಯಾರ್ಥಿವೇತನ ಮುಂದುವರಿಯುತ್ತದೆಯೇ? ಮೂಲ ಅಂಕಪಟ್ಟಿ ಯಾರ ಬಳಿ ಇರುತ್ತದೆ? ಮೂಲಪತ್ರ ಒಪ್ಪಿಸಿದರೆ ಸ್ವೀಕೃತಿ ಪತ್ರವಿಲ್ಲದೆ ಎದ್ದು ಬರಬೇಡಿ.

ಕಾಯಿಲೆಯ ಸುದ್ದಿಯನ್ನು ಪ್ರಾಂಶುಪಾಲರಿಗೆ ತಿಳಿಸುವ ಪತ್ರ ಉದ್ದ ಇರಬೇಕಾಗಿಲ್ಲ. ಹೀಗಿದ್ದರೆ ಸಾಕು: ‘ಮಾನ್ಯರೇ, ನನಗೆ ಮೂರ್ಛೆ ರೋಗವಿದ್ದು ಔಷಧದಿಂದ ಹತೋಟಿಯಲ್ಲಿದೆ. ವೈದ್ಯರ ಪತ್ರ ಲಗತ್ತಿಸಿದೆ. ನಿದ್ದೆ ಕೆಟ್ಟರೆ ತೊಂದರೆ ಹೆಚ್ಚುವುದರಿಂದ ಸತತ ರಾತ್ರಿ ಪಾಳಿಗಳ ಬದಲು ನಡುವೆ ಬಿಡುವು ಕೊಟ್ಟು ಹಾಕಬೇಕೆಂದು ಕೋರುತ್ತೇನೆ. ಒಟ್ಟು ಪಾಳಿಗಳಲ್ಲಿ ಕಡಿಮೆ ಮಾಡಬೇಕೆಂದು ಕೇಳುತ್ತಿಲ್ಲ.’ ಕೊನೆಯ ಸಾಲು ಮರೆಯಬೇಡಿ, ಅರ್ಧ ಕೆಲಸ ಅದೇ ಮಾಡುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ. ಹಾಸ್ಟೆಲಿನಲ್ಲಿ ಪಕ್ಕದ ಹಾಸಿಗೆಯವಳಿಗೂ ಹೇಳಿರಬೇಕು: ಸೆಳೆತ ಬಂದರೆ ಬಾಯಿಗೆ ಏನನ್ನೂ ತುರುಕಬಾರದು, ಮಗ್ಗುಲಿಗೆ ಹೊರಳಿಸಬೇಕು, ಐದು ನಿಮಿಷ ದಾಟಿದರೆ ದವಾಖಾನೆಗೆ ಒಯ್ಯಬೇಕು. ಈರುಳ್ಳಿ, ಚಪ್ಪಲಿ ಮೂಸಿಸುವುದು ನರ್ಸಿಂಗ್ ಹಾಸ್ಟೆಲುಗಳಲ್ಲೂ ಇನ್ನೂ ನಿಂತಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ಹುಡುಗಿಯರನ್ನು ಕಾಡುವ, ಕಾಯಿಲೆಯೆಂದೇ ಯಾರೂ ಎಣಿಸದ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತ ಕಡಿಮೆ. ಬಾಣಂತಿಯ ರಕ್ತ ಅಳೆಯುವ ವಿದ್ಯಾರ್ಥಿನಿಯರಲ್ಲೂ ಅನೇಕರ ಹಿಮೋಗ್ಲೋಬಿನ್ 12 ದಾಟುವುದಿಲ್ಲ. ಲೇಬರ್ ರೂಮಿನಲ್ಲಿ ಕಣ್ಣು ಕತ್ತಲೆ ಬಂದು ಕೂತವಳನ್ನು ‘ರಕ್ತ ನೋಡಿ ಹೆದರಿದಳು’ ಎಂದು ನಗುವವರಿಗೆ ಆಕೆಯ ಹಿಮೋಗ್ಲೋಬಿನ್ ಎಷ್ಟೆಂದು ಕೇಳಬೇಕು. ಸೇರುವ ಮೂರು ತಿಂಗಳ ಮೊದಲೇ ಪರೀಕ್ಷೆ ಮಾಡಿಸಿ, ಕಬ್ಬಿಣದ ಗುಳಿಗೆ ಶುರು ಮಾಡಿ. ಗುಳಿಗೆ ಹಾಗೂ ಊಟದ ಆಸುಪಾಸು ಒಂದು ತಾಸು ಚಹಾ ಬೇಡ. ನಮ್ಮ ಕಡೆ ಇದೇ ಕಷ್ಟದ ಪಥ್ಯ. ರೊಟ್ಟಿ, ಮಡಕಿ ಕಾಳಿನ ಪಲ್ಯ, ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಮೈಗೆ ಹತ್ತುತ್ತದೆ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವವರು ಬರೀ ಗುಳಿಗೆ ನುಂಗುತ್ತ ಕೂರದೆ ಅದಕ್ಕೂ ಚಿಕಿತ್ಸೆ ಪಡೆಯಬೇಕು.

ಥೈರಾಯ್ಡ್ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಅದಕ್ಕೂ ಕಬ್ಬಿಣ ಅಥವಾ ಕ್ಯಾಲ್ಸಿಯಂ ಗುಳಿಗೆಗೂ ನಾಲ್ಕು ತಾಸಿನ ಅಂತರ ಬೇಕು. ಎರಡನ್ನೂ ಒಟ್ಟಿಗೆ ನುಂಗಿ ‘ಎಷ್ಟು ಡೋಸ್ ಏರಿಸಿದರೂ ಕಡಿಮೆ ಆಗವಲ್ದು’ ಎನ್ನುವವರು ಮೊದಲು ಇದನ್ನು ಸರಿಪಡಿಸಿ ನೋಡಬೇಕು. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟು 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಪಡೆಯುವವರು ಆ ದಿನಾಂಕಗಳನ್ನು ವರ್ಷಕ್ಕಾಗುವಷ್ಟು ಗೋಡೆ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಪರೀಕ್ಷೆ ಇದೆ ಎಂದು ಒಂದನ್ನೂ ಬಿಡಬಾರದು. ಉಬ್ಬಸದವರು ಸೊಂಟಪಟ್ಟಿಯ ಜೇಬಿನಲ್ಲಿ ಇನ್‌ಹೇಲರ್ ಇಟ್ಟುಕೊಂಡೇ ವಾರ್ಡಿಗೆ ಹೋಗಬೇಕು. ಕೈಗವಸಿನಿಂದ ಚರ್ಮ ತುರಿಸಿ ಉಸಿರು ಕಟ್ಟಿದರೆ ಲೇಟೆಕ್ಸ್ ಅಲರ್ಜಿಯಿದ್ದೀತು, ನೈಟ್ರೈಲ್ ಕೈಗವಸು ಕೇಳಿ ಪಡೆಯಿರಿ.

ಇನ್ಸುಲಿನ್ ಮೇಲಿರುವವರ ಕತೆ ಸ್ವಲ್ಪ ಉದ್ದ. ಹೆರಿಗೆ ಗಡಿಯಾರ ನೋಡಿ ಬರುವುದಿಲ್ಲ. ಎಂಟಕ್ಕೆ ಊಟಕ್ಕೆ ಹೋಗಬೇಕಾದವಳು ಹನ್ನೊಂದಾದರೂ ಬಸುರಿಯ ಪಕ್ಕವೇ ನಿಂತಿರುತ್ತಾಳೆ. ಇನ್ಸುಲಿನ್ ಚುಚ್ಚಿಕೊಂಡು ಊಟ ತಪ್ಪಿಸಿದರೆ ಸಕ್ಕರೆ ಕುಸಿಯುತ್ತದೆ: ಕೈ ನಡುಕ, ಬೆವರು, ಮಾತು ತೊದಲು. ಕೂಸಿನ ತಲೆ ಕಾಣುವ ಹೊತ್ತಿಗೆ ಹೀಗಾದರೆ ಇಬ್ಬರಿಗೆ ಅಪಾಯ. ಊಟ ಎದುರಿಗೆ ಬಂದ ಮೇಲೆಯೇ ಚುಚ್ಚಿಕೊಳ್ಳುವ ಬಗೆಯ ಇನ್ಸುಲಿನ್ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಏಪ್ರನ್ ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಸದಾ ಇರಲಿ. ಸಕ್ಕರೆ 70ಕ್ಕಿಂತ ಇಳಿದರೆ 15 ಗ್ರಾಂ, ಅಂದರೆ ಮೂರು ಚಮಚದಷ್ಟು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ‘ಸಿಸ್ಟರ್, ಸಕ್ರಿ ಇಳದಂಗ ಆಗೇತ್ರಿ, ನನ್ನ ಜಾಗಾದಾಗ ಯಾರನ್ನರ ನಿಂದರಸ್ರಿ’ ಎಂದು ಹೇಳಲು ನಾಚಿಕೆ ಬೇಡ. ಮೊದಲ ದಿನವೇ ಕಾಯಿಲೆ ಹೇಳಿದ್ದರೆ ಈ ಮಾತು ಸಲೀಸಾಗಿ ಬರುತ್ತದೆ. ಬೇಸಿಗೆಯಲ್ಲಿ ಫ್ರಿಜ್ ಇಲ್ಲದ ಹಾಸ್ಟೆಲಿನಲ್ಲಿ ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವೆ ಹಸಿ ಮರಳು ತುಂಬಿ, ಒಳಗಿನ ಮಡಕೆಯಲ್ಲಿ ಇನ್ಸುಲಿನ್ ಇಡಬಹುದು.

ಕ್ಷಯ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಸರಿಯಾದ ಔಷಧ ಶುರುವಾದ ಕೆಲವು ವಾರಗಳಲ್ಲೇ ಹರಡುವ ಶಕ್ತಿ ತಗ್ಗುತ್ತದೆ, ಆದರೂ ವೈದ್ಯರು ಬರೆದುಕೊಡುವ ತನಕ ಹೆರಿಗೆ ಕೋಣೆಗೂ ಶಿಶುಗಳ ವಾರ್ಡಿಗೂ ಕಾಲಿಡಬಾರದು. ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ ಹಣ 2024ರ ನವೆಂಬರಿನಿಂದ 1000 ರೂಪಾಯಿಯಾಗಿದೆ. ಬ್ಯಾಂಕ್ ಖಾತೆ ಕೊಡಲು ಮರೆಯಬೇಡಿ.

ತರಬೇತಿಯೇ ತರುವ ಅಪಾಯಗಳೂ ಇವೆ. ವಾರ್ಡಿಗೆ ಇಳಿಯುವ ಮೊದಲು ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ (ಶುರುವಿಗೆ, ಒಂದು ತಿಂಗಳಿಗೆ, ಆರು ತಿಂಗಳಿಗೆ) ಹಾಕಿಸಿಕೊಳ್ಳಿ. ರುಬೆಲ್ಲಾ ಲಸಿಕೆ ಆಗದಿದ್ದರೆ ಅದೂ ಬೇಕು, ಬಸುರಿಯಾಗಿದ್ದರೆ ಮಾತ್ರ ಬೇಡ. ಸೂಜಿ ಚುಚ್ಚಿದರೆ ಹಿಂಡಬೇಡಿ. ಸೋಪು ನೀರಿನಲ್ಲಿ ತೊಳೆದು ಕೂಡಲೇ ಹೇಳಿ. ಎಚ್‌ಐವಿ ತಡೆಯುವ ಔಷಧ ಎರಡು ತಾಸಿನೊಳಗೆ ಶುರುವಾದರೆ ಉತ್ತಮ, 72 ತಾಸು ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದರೆ 28 ದಿನ. ಸೊಂಟ ನೋವಿರುವವರು ಕಲಿಕೆಯ ಮೊದಲ ದಿನದಿಂದಲೇ ಹೆರಿಗೆ ಮಂಚದ ಎತ್ತರ ಹೊಂದಿಸಿಕೊಳ್ಳುವ ರೂಢಿ ಮಾಡಬೇಕು. ಬಗ್ಗಿ ನಿಂತು ಹೆರಿಗೆ ಮಾಡಿಸುವುದೇ ಶೂರತನ ಎನ್ನುವ ಹಳೆಯ ಸಿಸ್ಟರುಗಳಿದ್ದಾರೆ. ಅವರಲ್ಲಿ ಎಷ್ಟು ಜನ ಈಗ ಬೆಲ್ಟ್ ಕಟ್ಟಿಕೊಂಡಿದ್ದಾರೆಂದು ಮೆಲ್ಲಗೆ ನೋಡಿಕೊಳ್ಳಿ.

ಎಲ್ಲಿ ಓದಬೇಕು ಎಂಬುದನ್ನು ಕಾಯಿಲೆಯೇ ಅರ್ಧ ತೀರ್ಮಾನಿಸುತ್ತದೆ. ಬೈಲಹೊಂಗಲದವರಿಗೆ ಬೆಳಗಾವಿ ಸಲೀಸು. ಕಿತ್ತೂರು ಹೆದ್ದಾರಿಯ ಮೇಲಿರುವುದರಿಂದ ಬೆಳಗಾವಿಯೂ ಆದೀತು, ಧಾರವಾಡವೂ ಆದೀತು. ಸವದತ್ತಿಗೆ ಧಾರವಾಡ ಹತ್ತಿರ. ರಾಮದುರ್ಗದವರಿಗೆ ಬೆಳಗಾವಿ ಜಿಲ್ಲಾ ಕೇಂದ್ರವೆಂಬುದು ಕಾಗದದ ಮೇಲೆ ಮಾತ್ರ. ಬಾಗಲಕೋಟೆ ಕಡೆಗೂ ವಿಚಾರಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ‘ದಿನಾ ಹೋಗಿ ಬರ್ತೀನಿ’ ಎನ್ನುವವರು ಹೆಚ್ಚಿದ್ದಾರೆ. ಆರೋಗ್ಯ ಗಟ್ಟಿಯಿಲ್ಲದವರು ಈ ಆಸೆಗೆ ಬೀಳಬಾರದು. ಟಿಕೆಟ್ ಉಚಿತ, ದಿನಕ್ಕೆ ನಾಲ್ಕು ತಾಸಿನ ದಣಿವು ಉಚಿತವಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ವಾರದಲ್ಲಿ ಯಲ್ಲಮ್ಮನ ಗುಡ್ಡದ ಜನ ತುಂಬಿ ಸವದತ್ತಿ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಆ ತಿಂಗಳುಗಳ ಪಾಳಿಗಳನ್ನು ಮೊದಲೇ ನೋಡಿ ಹಾಸ್ಟೆಲಿನಲ್ಲಿ ಉಳಿಯುವ ಏರ್ಪಾಡು ಮಾಡಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಕೋರ್ಸಿನ ಯಾವ ಪುಸ್ತಕವೂ ಹೇಳುವುದಿಲ್ಲ. ಗರ್ಭಪಾತವಾಗಿ, ಇಲ್ಲವೇ ಕೂಸು ಕಳೆದುಕೊಂಡು, ತಿಂಗಳೊಪ್ಪತ್ತಿನಲ್ಲಿ ಮತ್ತೆ ಹೆರಿಗೆ ಕೋಣೆಗೆ ಮರಳುವ ವಿದ್ಯಾರ್ಥಿನಿಯರಿದ್ದಾರೆ. ದಿನಕ್ಕೆ ಹತ್ತು ಸಲ ಬೇರೆಯವರ ಕೂಸನ್ನು ಒರೆಸಿ ತಾಯಿಯ ಎದೆಯ ಮೇಲೆ ಇಡಬೇಕು. ಮಕ್ಕಳಾಗದವರ ಸಂಕಟವೂ ಇದೇ. ‘ನಿಮಗೆಷ್ಟು ಮಕ್ಕಳ್ರೀ ಸಿಸ್ಟರ್?’ ಎಂದು ಬಾಣಂತಿಯ ಅತ್ತೆ ಕೇಳಿಯೇ ಕೇಳುತ್ತಾಳೆ. ಇಂಥ ಹೊತ್ತಿನಲ್ಲಿ ಪೋಸ್ಟಿಂಗ್ ಅದಲುಬದಲು ಕೇಳಿ: ಕೆಲವು ವಾರ ಹೊರರೋಗಿ ವಿಭಾಗ, ಲಸಿಕೆ, ಸಮುದಾಯ ಆರೋಗ್ಯ, ಹೆರಿಗೆ ಕೋಣೆಯ ದಿನಗಳನ್ನು ಆಮೇಲೆ ತುಂಬಿಕೊಡುವುದು. ಇದರಿಂದ ಹಾಜರಿಯೂ ಉಳಿಯುತ್ತದೆ. ನಿದ್ದೆ ಹೋಗಿ, ಊಟ ಸೇರದೆ ಎರಡು ವಾರ ಕಳೆದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮುಖಾಮುಖಿ ತೋರಿಸಿಕೊಳ್ಳಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಈ ತಾಲ್ಲೂಕುಗಳಿಗೆ ದೂರವೇನಲ್ಲ. ‘ಹುಚ್ಚರ ದವಾಖಾನಿ’ ಎಂಬ ಮಾತಿಗೆ ನರ್ಸಿಂಗ್ ಓದುವವರೇ ಹೆದರಿದರೆ ಹೇಗೆ?

ಖರ್ಚಿನ ಬಗ್ಗೆ ಚುಟುಕಾಗಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರಕಾರಿ ದವಾಖಾನೆಯ ಶಿಫಾರಸು ಪತ್ರ ಬೇಕಾಗುತ್ತದೆ. ಅಪ್ಪ ಸಹಕಾರಿ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ನಿಮ್ಮ ಹೆಸರೂ ಇರಲಿ, ನೋಂದಣಿಗೆ ಅವಧಿ ಇರುತ್ತದೆ. ದಿನದ ಗುಳಿಗೆಯ ಖರ್ಚು ಇವೆರಡರಲ್ಲೂ ಬರುವುದಿಲ್ಲ. ಅದಕ್ಕೆ ತಾಲ್ಲೂಕು ದವಾಖಾನೆ ಇಲ್ಲವೇ ಜನೌಷಧಿ ಅಂಗಡಿ. ರೈತರ ಮಕ್ಕಳು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನದ ಈಗಿನ ಸ್ಥಿತಿ ಏನೆಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಓದು ಮುಗಿದ ಮೇಲೆ ಕೆಲಸದ ಜಾಗವನ್ನೂ ಮೈ ನೋಡಿಯೇ ಆರಿಸಿಕೊಳ್ಳಿ. ದೊಡ್ಡ ಆಸ್ಪತ್ರೆಯ ಲೇಬರ್ ರೂಮೆಂದರೆ ರಾತ್ರಿ ಪಾಳಿ, ಆದರೆ ಸುತ್ತ ಜನ ಇರುತ್ತಾರೆ, ಬಿದ್ದರೆ ಎತ್ತುವವರಿದ್ದಾರೆ. ಉಪಕೇಂದ್ರದಲ್ಲಿ ಹಗಲು ಕೆಲಸ ಹೆಚ್ಚು. 5000 ಜನಸಂಖ್ಯೆಯ ಊರು, ತೋಟದ ವಸ್ತಿ ಸುತ್ತಬೇಕು, ಬಹಳ ಸಲ ಒಬ್ಬರೇ. ಮೂರ್ಛೆ ಇರುವವರಿಗೆ ಎರಡನೆಯದಕ್ಕಿಂತ ಮೊದಲನೆಯದೇ ಮೇಲು, ಸಂಧಿನೋವಿನವರಿಗೆ ಎರಡೂ ಕಷ್ಟ. ಅಂಥವರು ತಾಲ್ಲೂಕು ದವಾಖಾನೆಯ ಗರ್ಭಿಣಿ ತಪಾಸಣೆ ವಿಭಾಗಕ್ಕೆ ಪ್ರಯತ್ನಿಸಬಹುದು. ಕೇಂದ್ರ ಸರಕಾರ 2018ರ ಕೊನೆಗೆ ಹೊರಡಿಸಿದ ಮಾರ್ಗಸೂಚಿಯಂತೆ ಸಹಜ ಹೆರಿಗೆಯನ್ನು ಸ್ವತಂತ್ರವಾಗಿ ನಡೆಸುವ ಸೂಲಗಿತ್ತಿಯರಿಗಾಗಿ 18 ತಿಂಗಳ ಹೆಚ್ಚಿನ ತರಬೇತಿಯೂ ಇದೆ. ಅದು ಜಿಎನ್‌ಎಂ, ಬಿ.ಎಸ್ಸಿ. ಮುಗಿಸಿ ಅನುಭವ ಪಡೆದವರಿಗೆ ಮಾತ್ರ. ಆ ಆಸೆ ಇರುವವರು, ಎರಡೇ ವರ್ಷ ಎಂದು ಎಎನ್‌ಎಂ ಸೇರುವ ಮೊದಲು ಮನೆಯಲ್ಲಿ ಕೂತು ಇನ್ನೊಮ್ಮೆ ಮಾತಾಡಿ; ಒಂದು ವರ್ಷ ಹೆಚ್ಚು ಓದುವಷ್ಟು ಮೈ ತಡೆದೀತೇ ಎಂದು ವೈದ್ಯರನ್ನೂ ಕೇಳಿ.